ಕಲ್ಲಿನ ಹಟ

ಬಡಗಿಯ ಬೈರಿಗೆ ಮರದ ಗಂಟಿಗೆ ಸಿಕ್ಕರೆ ಓರೆಯಾಗುತ್ತದೆ. ಭೂಮಿಯನ್ನು ಕೊರೆಯುವ ಬೈರಿಗೆಯ ಪಾಡೂ ಅದೇ. ಅದನ್ನು ಹಿಡಿದಿರುವುದು ಕೈಯಲ್ಲ, ಮೈಲುಗಟ್ಟಲೆ ಉದ್ದದ ಉಕ್ಕಿನ ಕೊಳವೆ, ಅಷ್ಟೆ.

ಜರ್ಮನಿಯ ಬವೇರಿಯಾದಲ್ಲಿ, ವಿಂಡಿಶೆಶೆನ್‌ಬಾಖ್ ಎಂಬ ಊರಿನ ಬಳಿ, 1990ರಲ್ಲಿ ತೊಡಗಿದ ಬಾವಿಗೆ ಗುರಿ 10,000 ಮೀಟರು. ಕೆಳಗಿದ್ದುದು ನೈಸ್ ಶಿಲೆ: ಬೆಣಚು ಬೆರೆತು ಬೈರಿಗೆಯ ಹಲ್ಲನ್ನೇ ಸವೆಸುವಂಥದು. ಅದರ ಪದರಗಳೋ, ಕಡಿದಾಗಿ ವಾಲಿದವು. ಉಕ್ಕನ್ನು ತಮ್ಮ ಓರೆಗೆ ಎಳೆದುಕೊಳ್ಳುವುದು ಅವುಗಳ ಸ್ವಭಾವ. ಬಾವಿ ಡೊಂಕಾದರೆ ಕೊಳವೆ ಗೋಡೆಗೆ ಉಜ್ಜಿ, ಕೊರೆಯುವ ಬಲವೆಲ್ಲ ಘರ್ಷಣೆಗೇ ವ್ಯಯವಾದೀತು. ಆದುದರಿಂದ ಎಂಜಿನಿಯರರು ಬೈರಿಗೆಯ ಹಿಂದೆಯೇ, ತನ್ನ ಓರೆಯನ್ನು ತಾನೇ ಅರಿಯುವ ಯಂತ್ರವೊಂದನ್ನು ಕೂಡಿಸಿದರು. ವಾಲಿದೊಡನೆ ಅದರ ಪಕ್ಕೆಲುಬುಗಳು ಹೊರಚಾಚಿ, ಗೋಡೆಯನ್ನೊತ್ತಿ, ಬೈರಿಗೆಯನ್ನು ನೆಟ್ಟಗೆ ತರುತ್ತಿದ್ದವು—ಕುಡಿದವನನ್ನು ಮನೆ ಸೇರಿಸುವ ಸ್ನೇಹಿತನಂತೆ!

ಸುಮಾರು 7,500 ಮೀಟರಿನವರೆಗೆ ಈ ಸಖ್ಯ ನಡೆಯಿತು. ಆಮೇಲೆ ತಾಪವೇರಿ ಯಂತ್ರದ ಸೂಕ್ಷ್ಮ ವಿದ್ಯುದಂಗಗಳು ಸೋತವು. ಬೈರಿಗೆ ಮತ್ತೆ ಕಲ್ಲಿನ ಮಾತು ಕೇಳಿತು. 1994ರ ಅಕ್ಟೋಬರಿನಲ್ಲಿ, 9,101 ಮೀಟರಿನಲ್ಲಿ, ಕೆಲಸ ನಿಂತಿತು. ಅಲ್ಲಿಯ ಶಾಖ 260 ಡಿಗ್ರಿಗೂ ಮೇಲು.

ನೆಟ್ಟಗೆ ನಡೆಸಲೆಂದು ಹುಟ್ಟಿದ ಆ ಯಂತ್ರದ ಸಂತತಿ ಈಗ ಎಣ್ಣೆಬಾವಿಗಳಲ್ಲಿ ದುಡಿಯುತ್ತಿದೆ. ಅಲ್ಲಿ ಅದರ ಕೆಲಸ, ಬೈರಿಗೆಯನ್ನು ಬೇಕೆಂದೇ ಓರೆಯಾಗಿಸುವುದು.