ಕಾಣೆಯಾದ ಗರಿಗಳು

ಏನು ಕೆಲಸ ಮಾಡುತ್ತೀರೆಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್’ ಎಂದು ಹೇಳಿ ಪಾರಾಗುತ್ತೇನೆ. ಹುಳಿಮಾವಿನಲ್ಲಿ ಆ ಉತ್ತರಕ್ಕೆ ಮರುಪ್ರಶ್ನೆ ಬರುವುದಿಲ್ಲ. ಬನ್ನೇರುಘಟ್ಟ ರಸ್ತೆಯ ಎರಡೂ ಬದಿಗೆ ಕಂಪ್ಯೂಟರಿನವರೇ. ಊರ ಹೆಸರಿನಲ್ಲಿರುವ ಮಾವಿನ ಮರವನ್ನು ಹುಡುಕುವುದಕ್ಕಿಂತ ಒಬ್ಬ ಎಂಜಿನಿಯರನ್ನು ಹುಡುಕುವುದು ಸುಲಭ. ಆದರೆ ನನ್ನ ಕಂಪ್ಯೂಟರ್ ಹುಡುಕುವುದು ಬೇರೆಯದನ್ನು: ಮನುಷ್ಯನ ಜೀನೋಮಿನಲ್ಲಿ ಕಾಣೆಯಾದ, ಮಗುಚಿಕೊಂಡ, ಎರಡೆರಡು ಸಲ ಬರೆದುಹೋದ ಭಾಗಗಳನ್ನು.

ಹಳಗನ್ನಡ ಕಾವ್ಯಗಳ ಸಂಪಾದಕರಿಗೆ ಇದು ಪರಿಚಿತ ಕೆಲಸವೇ. ಓಲೆಗರಿ ನೋಡಿ ಪ್ರತಿ ಮಾಡುವಾಗ ಲಿಪಿಕಾರ ಒಂದಕ್ಷರ ತಪ್ಪಬಹುದು. ಕಣ್ಣು ಜಾರಿ ಇಡೀ ಪದ್ಯವನ್ನೇ ಬಿಡಬಹುದು. ಬರೆದದ್ದನ್ನೇ ಮತ್ತೆ ಬರೆಯಬಹುದು. ಕಟ್ಟು ಬಿಚ್ಚಿದಾಗ ಗರಿಗಳು ತಿರುವುಮುರುವಾಗಬಹುದು. ಜೀನೋಮ್ ಎಂಬುದು 300 ಕೋಟಿಗೂ ಮಿಕ್ಕಿದ ಅಕ್ಷರಗಳ ಗ್ರಂಥ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ನಮ್ಮಲ್ಲಿ ಎರಡು ಪ್ರತಿ. ಅದರಲ್ಲಿ ಸುಮಾರು 50 ಅಕ್ಷರಕ್ಕೆ ಮೇಲ್ಪಟ್ಟ ಲೋಪ, ಸೇರ್ಪಡೆ, ಪುನರಾವರ್ತನೆಗಳಿಗೆ ವಿಜ್ಞಾನಿಗಳು ‘ರಚನಾ ವ್ಯತ್ಯಾಸ’ ಎನ್ನುತ್ತಾರೆ. ನನಗೆ ಅವು ಪಾಠಾಂತರಗಳು.

ತೊಂದರೆಯೆಂದರೆ, ಬಹಳಷ್ಟು ಯಂತ್ರಗಳು ಗ್ರಂಥವನ್ನು ಇಡಿಯಾಗಿ ಓದುವುದಿಲ್ಲ. 150 ಅಕ್ಷರಗಳ ಚೂರುಗಳಾಗಿ ಓದಿಕೊಡುತ್ತವೆ. ಪ್ರತಿ ಜಾಗವನ್ನೂ ಸರಾಸರಿ 30 ಸಲ ಓದಬೇಕೆಂದರೆ ಒಬ್ಬ ಮನುಷ್ಯನಿಗೆ ಸುಮಾರು 60 ಕೋಟಿ ಚೂರು. ಅವು ಜೋಡಿ ಜೋಡಿಯಾಗಿ ಬರುತ್ತವೆ. ಜೋಡಿಯ ನಡುವಿನ ಅಂತರ ಕೆಲವು ನೂರು ಅಕ್ಷರ. ಮಾದರಿ ಪ್ರತಿಯ ಮೇಲಿಟ್ಟು ನೋಡಿದಾಗ ಆ ಜೋಡಿ 5,000 ಅಕ್ಷರ ದೂರ ಕೂತರೆ, ಈ ಮನುಷ್ಯನಲ್ಲಿ ನಡುವಿನ ಭಾಗ ಲೋಪವಾಗಿರಬೇಕು ಎಂದು ಅನುಮಾನ. ಜೋಡಿಯಲ್ಲೊಂದು ಬೆನ್ನು ತಿರುಗಿಸಿ ನಿಂತರೆ ಆ ಭಾಗ ಮಗುಚಿಕೊಂಡಿರಬಹುದು. 30 ಸಲ ಬರಬೇಕಾದದ್ದು 15 ಸಲವಷ್ಟೇ ಬಂದರೆ ಎರಡು ಪ್ರತಿಗಳಲ್ಲಿ ಒಂದರಲ್ಲಿ ಅದು ಇಲ್ಲದಿರಬಹುದು. ಜರ್ಮನಿಯ ಹೈಡಲ್‌ಬರ್ಗಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ‘ಡೆಲ್ಲಿ’ಯಂಥ ತಂತ್ರಾಂಶಗಳು ಇಂಥ ಜೋಡಿಗಳ ಸುಳಿವನ್ನೂ ನಡುವೆ ಮುರಿದ ಚೂರುಗಳ ಸುಳಿವನ್ನೂ ಕೂಡಿಸಿ ನೋಡುತ್ತವೆ.

ಒಬ್ಬರ ದತ್ತಾಂಶವೇ ನೂರು ಗಿಗಾಬೈಟಿನ ಆಸುಪಾಸು. ಹತ್ತಾರು ಜನರದ್ದಾದರೆ ಮೇಜಿನ ಮೇಲಿನ ಕಂಪ್ಯೂಟರ್ ಕೈಯೆತ್ತುತ್ತದೆ. ಅನೇಕ ಗಣಕಗಳನ್ನು ಒಟ್ಟಿಗೆ ಹೂಡಿದ ಕ್ಲಸ್ಟರ್ ಬೇಕು. ಹಳೇ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ನಾನು ಮನೆಯಿಂದ ಬಳಸುವುದು ಅದರ ಮುಂದೆ ಎಳೆಗೂಸು. ಆದರೆ ಎಲ್ಲ ಕಡೆ ಪದ್ಧತಿ ನ್ಯಾಯಬೆಲೆ ಅಂಗಡಿಯದೇ. ಇಷ್ಟು ಪ್ರೊಸೆಸರ್, ಇಷ್ಟು ಮೆಮೊರಿ, ಇಷ್ಟು ಗಂಟೆ ಎಂದು ಬರೆದುಕೊಟ್ಟು ಸರದಿಯಲ್ಲಿ ನಿಲ್ಲಬೇಕು. ಹೆಚ್ಚು ಕೇಳಿದರೆ ಸರದಿ ಬರುವುದು ತಡ; ಕಡಿಮೆ ಕೇಳಿದರೆ ನಡುರಾತ್ರಿ ಕೆಲಸ ಅರ್ಧವಾಗಿರುವಾಗಲೇ ಕುತ್ತಿಗೆ ಹಿಡಿದು ಹೊರಗೆ. ಮದುವೆ ಮನೆಯಲ್ಲಿ ಅಕ್ಕಿ ಅಳೆಯುವ ಅಡುಗೆಯವರ ಅಂದಾಜು ಇಲ್ಲೂ ಬೇಕು.

ಎಲ್ಲ ಸುಸೂತ್ರವಾದರೆ ಬೆಳಗಿನ ಹೊತ್ತಿಗೆ ಪಟ್ಟಿ ಸಿದ್ಧ. ಗುಂಡುಕಲ್ಲಿನಂತಿರುವ ಮನುಷ್ಯನಲ್ಲೂ ಸಾವಿರಾರು ವ್ಯತ್ಯಾಸ! ಬಹುಪಾಲು ನಿರುಪದ್ರವಿ. ಇನ್ನು ಹೋಲಿಸಲು ಇಟ್ಟುಕೊಂಡ ಮಾದರಿ ಪ್ರತಿಯೇನು ದೇವರು ಕೊಟ್ಟದ್ದಲ್ಲ. 1997ರಲ್ಲಿ ಅಮೆರಿಕದ ಬಫಲೋ ಎಂಬ ಊರಿನಲ್ಲಿ ಪತ್ರಿಕೆಯ ಜಾಹೀರಾತು ನೋಡಿ ರಕ್ತ ಕೊಡಲು ಬಂದವರಲ್ಲಿ ಒಬ್ಬ ಅನಾಮಧೇಯನಿಂದಲೇ ಅದರ ಸುಮಾರು ಶೇಕಡಾ 70 ಭಾಗ ಬಂದಿದೆ. ಅವನಲ್ಲಿದ್ದು ನಮ್ಮಲ್ಲಿಲ್ಲದ್ದನ್ನು ಯಂತ್ರ ‘ಲೋಪ’ವೆಂದು ಬರೆಯುತ್ತದೆ. ನಮ್ಮವರಲ್ಲಿ ಅರ್ಧಕ್ಕರ್ಧ ಜನ ಹಾಗೇ ಇದ್ದರೆ ಅದು ಲೋಪವೋ, ನಮ್ಮ ಪಾಠವೋ? ನಮ್ಮ ಪ್ರತಿಗಳನ್ನು ಕಲೆಹಾಕದೆ ಹೇಳುವಂತಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ 2020ರಲ್ಲಿ ಆರಂಭಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯ ಮಹತ್ವ ಇಲ್ಲಿದೆ. 83 ಸಮುದಾಯಗಳ 10,000 ಜನರ ಜೀನೋಮ್ ಓದಿ ಮುಗಿಸಿದ್ದನ್ನು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದರು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟರು.

ಇವೆಲ್ಲ ಲೆಕ್ಕಾಚಾರದ ಮಾತಾಯಿತು. ‘ಲೋಪ’ ಎಂಬ ಪದದ ತೂಕ ನನಗೆ ತಿಳಿದದ್ದು ನಮ್ಮ ಹಿಂದಿನ ಬೀದಿಯ ಒಬ್ಬ ತಾಯಿಯಿಂದ. ಎಂಟು ವರ್ಷದ ಮಗ. ಮೆಟ್ಟಿಲು ಹತ್ತಲಾರ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರುತ್ತಾನೆ. ಡುಶೆನ್ ಎಂಬ ಸ್ನಾಯುಕ್ಷಯ. ಡಿಸ್ಟ್ರೊಫಿನ್ ಜೀನಿನ 79 ಖಂಡಗಳಲ್ಲಿ ಕೆಲವು ಇಲ್ಲವೆಂದು ವರದಿ ಬಂದಿತ್ತು. ಅದನ್ನು ಕಂಡುಹಿಡಿಯಲು ನನ್ನ ಕ್ಲಸ್ಟರ್ ಬೇಕಾಗಿರಲಿಲ್ಲ. ಆ ಒಂದೇ ಜೀನನ್ನು ನೋಡುವ ಪರೀಕ್ಷೆ ಪ್ರಯೋಗಾಲಯಗಳಲ್ಲಿದೆ. ಆಕೆ ಬಂದದ್ದು ಬೇರೊಂದು ಪ್ರಶ್ನೆಗೆ.

“ಅಣ್ಣಾ, ಇದು ನನ್ನಿಂದಲೇ ಬಂದಿದ್ದಂತೆ, ಹೌದಾ? ಮನೇಲಿ ಎಲ್ಲರೂ ಹಾಗೇ ಅಂತಾರೆ.”

ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಅದು ಬರುವುದು ತಾಯಿಯಿಂದ ಮಾತ್ರ. ಆದರೆ ಮೂರರಲ್ಲಿ ಸುಮಾರು ಒಂದು ಪಾಲು ಮಕ್ಕಳಲ್ಲಿ ಆ ಲೋಪ ತಾಯಿಯ ರಕ್ತದಲ್ಲಿ ಕಾಣುವುದೇ ಇಲ್ಲ. ಹೊಸದಾಗಿ ಪ್ರತಿಯಾಗುವಾಗ ಬಿಟ್ಟುಹೋದದ್ದು. ಉಳಿದವರಲ್ಲಿ ತಾಯಿಗೂ ಅದು ಸಾಮಾನ್ಯವಾಗಿ ಹಿಂದಿನವರಿಂದ ಬಂದದ್ದೇ. ಎರಡರಲ್ಲಿ ಯಾವುದಾದರೂ ಆಕೆ ಉಂಡದ್ದರಿಂದಲೋ, ಮಾಡಿದ್ದರಿಂದಲೋ ಆದದ್ದಲ್ಲ. “ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಅಮ್ಮ, ವೈದ್ಯರನ್ನೇ ಕೇಳಿ ನಿಮ್ಮ ತಂಗಿಗೂ ತಿಳಿಸಿ. ಅದು ಮುಂದಿನದಕ್ಕೆ ಬೇಕಾದ ತಿಳಿವಳಿಕೆ. ತಪ್ಪು ಹೊರಿಸುವುದಕ್ಕಲ್ಲ” ಎಂದೆ. ಓಲೆಗರಿಯ ಕತೆಯನ್ನೂ ಹೇಳಿದೆ. ಗರಿ ಕಳೆದ ಕಟ್ಟನ್ನು ಜೋಪಾನವಾಗಿ ಇಟ್ಟುಕೊಂಡವರನ್ನು ಯಾರೂ ಬೈಯುವುದಿಲ್ಲ.

ಆಕೆ ಸುಮ್ಮನೆ ಕೇಳಿಸಿಕೊಂಡು ಹೋದರು. ಮುಂದಿನ ಭಾನುವಾರ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬಂದರು. ಇಬ್ಬರನ್ನೂ ಕೂರಿಸಿ, ತಾವು ನಿಂತೇ ಇದ್ದು ಹೇಳಿದರು: “ಅಣ್ಣಾ, ಅವತ್ತು ನನಗೆ ಹೇಳಿದ್ರಲ್ಲ, ಅದನ್ನೇ ಇವರ ಮುಂದೆ ಇನ್ನೊಂದ್ಸಲ ಹೇಳಿ.”