ತಾಳ್ಮೆಯ ಗೋಡೆಯೂ ಜಾಹೀರಾತಿನ ಕೋಪವೂ

ಕೋಪವು ಕೆಡುಕನ್ನೇ ತರುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ 2021ರ ಏಪ್ರಿಲ್ ತಿಂಗಳಲ್ಲಿ, ಐಪಿಎಲ್ ಪಂದ್ಯಾವಳಿ ಆರಂಭವಾದ ಹೊತ್ತಿನಲ್ಲಿ, ರಾಹುಲ್ ದ್ರಾವಿಡರ ಕೋಪವನ್ನು ದೂರದರ್ಶನದಲ್ಲಿ ಕಂಡು ದೇಶವೇ ನಕ್ಕಿತು.

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪಾವತಿಸುವ ಕ್ರೆಡ್ ಎಂಬ ಆ್ಯಪ್‌ನ ಜಾಹೀರಾತು ಅದು. ಬಾಕಿ ಕಟ್ಟಿದವರಿಗೆ ಬಹುಮಾನವೆಂಬ ಮಾತು, ದ್ರಾವಿಡರು ಮಹಾ ಸಿಡುಕರು ಎಂಬಷ್ಟೇ ನಂಬಲಾಗದ ಮಾತೆಂದು ನಟ ಜಿಮ್ ಸರ್ಭ್ ಹೇಳುತ್ತಾರೆ. ಮರುಕ್ಷಣವೇ ಬೆಂಗಳೂರಿನ ವಾಹನಗಳ ದಟ್ಟಣೆಯಲ್ಲಿ ಸಿಲುಕಿದ ದ್ರಾವಿಡರು ಅರಚುತ್ತಾರೆ. ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ. ಕಾರಿನ ಛಾವಣಿಯ ಕಿಂಡಿಯಿಂದ ಮೇಲೆದ್ದು, ತಾವು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಸಾರುತ್ತಾರೆ. ಅವರ ಜೊತೆಗೂಡಿ ಆಡಿದ ವಿರಾಟ್ ಕೊಹ್ಲಿಯವರೂ ಈ ಮುಖವನ್ನು ತಾವೆಂದೂ ಕಂಡಿರಲಿಲ್ಲವೆಂದು ಬರೆದರು.

ಈ ನಗೆಯು ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕು. ಅದೇ ದೃಶ್ಯದಲ್ಲಿ ದುಡುಕಿಗೆ ಹೆಸರಾದ ಆಟಗಾರನೊಬ್ಬನು ನಿಂತಿದ್ದರೆ ನೋಡುವವರು ನಗುವ ಬದಲು ಪೊಲೀಸರನ್ನು ನೆನೆಯುತ್ತಿದ್ದರೇನೋ! ದ್ರಾವಿಡರು 1996ರಿಂದ 2012ರವರೆಗೆ 164 ಟೆಸ್ಟ್ ಪಂದ್ಯಗಳನ್ನಾಡಿ 31,258 ಎಸೆತಗಳನ್ನು ಎದುರಿಸಿದವರು. ಟೆಸ್ಟ್ ಚರಿತ್ರೆಯಲ್ಲಿ ಅಷ್ಟು ಎಸೆತಗಳನ್ನು ಎದುರಿಸಿದವರು ಮತ್ತೊಬ್ಬರಿಲ್ಲ. ಹೊಡೆಯೆಂದು ಕೆಣಕುವ ಚೆಂಡನ್ನು ಬಿಟ್ಟುಕೊಟ್ಟು, ಎದ್ದು ಬಂದ ಚೆಂಡನ್ನು ನೆಲಕ್ಕೆ ಅದುಮಿ, ದಿನವಿಡೀ ಕಾದು ನಿಂತ ಅವರನ್ನು ಜನ ‘ಗೋಡೆ’ ಎಂದು ಕರೆದರು. ಅವರಿಗೆ ಸಿಟ್ಟೇ ಬಾರದೆಂದಲ್ಲ. 2014ರಲ್ಲಿ ತಮ್ಮ ಮಾರ್ಗದರ್ಶನದ ರಾಜಸ್ಥಾನ ರಾಯಲ್ಸ್ ತಂಡವು ಮುಂಬಯಿಯಲ್ಲಿ ಸೋತಾಗ ಅವರು ಟೋಪಿಯನ್ನು ನೆಲಕ್ಕೆಸೆದರು. ಟೋಪಿಯೊಂದು ನೆಲಕ್ಕೆ ಬಿದ್ದುದನ್ನು ಜನರು ವರ್ಷಗಳ ತರುವಾಯವೂ ನೆನಪಿಟ್ಟುಕೊಂಡು ಹೇಳುತ್ತಾರೆಂದರೆ, ಅಂಥ ಸಿಟ್ಟು ಅವರಲ್ಲಿ ಎಷ್ಟು ವಿರಳವಾಗಿದ್ದಿರಬೇಕು! ಹದಿನಾರು ವರ್ಷಗಳ ಆ ನಡೆಯೇ ಜಾಹೀರಾತಿನ ನಿಜವಾದ ಬಂಡವಾಳ. ಕಂಪನಿಯು ಅದನ್ನು ಒಂದು ನಿಮಿಷದ ಮಟ್ಟಿಗೆ ಎರವಲು ಪಡೆಯಿತು, ಅಷ್ಟೆ.

ಇದಕ್ಕೆ ತೀರ ವಿರುದ್ಧವಾದ ದೃಷ್ಟಾಂತವೊಂದು ಅಮೆರಿಕದಲ್ಲಿ 1979ರಲ್ಲಿಯೇ ಬಂದಿತ್ತು. ಅಲ್ಲಿನ ಫುಟ್‌ಬಾಲ್ ಆಟದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಜೋ ಗ್ರೀನ್ ಎದುರಾಳಿಗಳಿಗೆ ಸಿಂಹಸ್ವಪ್ನರಾಗಿದ್ದರು. ‘ಮೀನ್ ಜೋ’, ಎಂದರೆ ಕ್ರೂರಿ ಜೋ, ಎಂಬುದೇ ಅವರ ಅಡ್ಡಹೆಸರು. ಕೋಕಾ-ಕೋಲಾದ ಆ ಜಾಹೀರಾತಿನಲ್ಲಿ ಅವರು ಪೆಟ್ಟು ತಿಂದು, ಕುಂಟುತ್ತ ಮೈದಾನದಿಂದ ಒಳಗೆ ನಡೆದಿರುತ್ತಾರೆ. ಪುಟ್ಟ ಬಾಲಕನೊಬ್ಬ ಅಳುಕುತ್ತಲೇ ತನ್ನ ಬಾಟಲಿಯನ್ನು ನೀಡುತ್ತಾನೆ. ಮೊದಲು ಬೇಡವೆಂದು, ಅನಂತರ ತೆಗೆದುಕೊಂಡು ಬರಿದುಮಾಡುತ್ತಾರೆ. ಹುಡುಗ ಸಪ್ಪೆಮೋರೆಯಿಂದ ಹಿಂದಿರುಗುವಾಗ ಅವನನ್ನು ಕರೆದು, ತಮ್ಮ ಜೆರ್ಸಿಯನ್ನು ಅವನತ್ತ ಎಸೆದು ಮುಗುಳ್ನಗುತ್ತಾರೆ. ಇಲ್ಲಿಯೂ ಮನಸ್ಸನ್ನು ಕರಗಿಸಿದ್ದು ಪಾನೀಯವಲ್ಲ, ಅಂಥ ಮುಖದಲ್ಲಿ ಮೂಡಿದ ಆ ನಗೆ.

ಮೈದಾನದಲ್ಲಿ ಗ್ರೀನ್ ಮೃದುವಾಗಲಿಲ್ಲ. ಆದರೆ ಆ ಜಾಹೀರಾತು ಬಂದಂದಿನಿಂದ ಮಕ್ಕಳು ಅಂಜದೆ ತಮ್ಮ ಬಳಿಗೆ ಬರತೊಡಗಿದರೆಂದು ಅವರು ಹೇಳಿಕೊಂಡಿದ್ದಾರೆ.