ಹೊಸದುರ್ಗದಿಂದ ಹೊರಡುವ ದಾರಿಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಹೊಸದುರ್ಗದ ಬಸ್ ನಿಲ್ದಾಣವನ್ನು ನೋಡಬೇಕು. ಮಾಡದಕೆರೆ, ಶ್ರೀರಾಂಪುರ, ಮತ್ತೋಡು, ಬಾಗೂರುಗಳ ಕಡೆಯಿಂದ ಬಂದ ಅಪ್ಪಂದಿರು ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ನಿಂತಿರುತ್ತಾರೆ. ಅದರೊಳಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ-ಆದಾಯದ ಪ್ರಮಾಣಪತ್ರ. ಪಕ್ಕದಲ್ಲಿ ಮಗನೋ ಮಗಳೋ. ಕೆಲವರ ಕವರಿನಲ್ಲಿ ಮತ್ತೂ ಒಂದು ಕಾಗದ ಇರುತ್ತದೆ: ವಿಭಾಗ ಮಟ್ಟದ ಖೋ ಖೋ ಪಂದ್ಯದಲ್ಲಿ ಆಡಿದ ಪ್ರಮಾಣಪತ್ರ. ಅದನ್ನು ಯಾರಿಗೆ ತೋರಿಸಬೇಕು, ತೋರಿಸಿದರೆ ಲಾಭವೋ ನಷ್ಟವೋ ಎಂಬುದು ಅಪ್ಪನಿಗೂ ತಿಳಿಯದು, ಮಗಳಿಗೂ ತಿಳಿಯದು.

ಚಿತ್ರದುರ್ಗ ಹಳೆಯ ದುರ್ಗವಾದರೆ ಇದು ಹೊಸತು. ಊರಿನ ನೆತ್ತಿಗೆ ಪಾಳೆಯಗಾರರ ಕಾಲದ ಗುಡ್ಡದ ಕೋಟೆ, ಸುತ್ತ ತೆಂಗಿನ ತೋಟ, ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಸಾವೆ, ಈಚೆಗೆ ದಾಳಿಂಬೆ. ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ತೆಂಗಿನ ತೋಟದವನ ಮನೆಯಲ್ಲಿ ಮಗಳ ಕಾಲೇಜಿನ ಮಾತು ಕೊಬ್ಬರಿ ಧಾರಣೆಯ ಮಾತಿನೊಂದಿಗೇ ಬರುತ್ತದೆ. ಆಟ-ನೋಟ ಈ ತಾಲ್ಲೂಕಿಗೆ ಹೊಸದೇನಲ್ಲ. ಇಲ್ಲಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ರಂಗತಂಡ ನಾಡಿನ ಉದ್ದಗಲಕ್ಕೂ ನಾಟಕ ತೋರಿಸಿದೆ. ನಾಟಕಕ್ಕೆ ಸಿಕ್ಕಿದ ಗೌರವ ಖೋ ಖೋ ಅಂಗಳಕ್ಕೆ ಇನ್ನೂ ಸಿಕ್ಕಿಲ್ಲ, ಅಷ್ಟೆ. ಹತ್ತನೆಯ ತರಗತಿ ಮುಗಿದೊಡನೆ “ಆಡಿದ್ದು ಸಾಕು ಕಣವ್ವ, ಇನ್ನು ಓದ್ಕೋ” ಎಂಬ ಮಾತು ಬಹುಪಾಲು ಮನೆಗಳಲ್ಲಿ ಕೇಳುತ್ತದೆ.

ಈಚೆಗೆ ಆ ಮಾತು ತುಸು ಮೆತ್ತಗಾಗಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವರು. ಕುರುಬೂರಿನ ಹುಡುಗಿಗೆ ಸಾಧ್ಯವಾದದ್ದು ಮತ್ತೋಡಿನ ಹುಡುಗಿಗೇಕೆ ಆಗಬಾರದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಅವಳನ್ನು ಯಾವ ಕಾಲೇಜಿಗೆ ಸೇರಿಸುವುದು?

ಹೊಸದುರ್ಗದಿಂದ ಹೊರಡುವ ದಾರಿಗಳು ಹಲವು. ಮೊದಲನೆಯದು ಎಲ್ಲೂ ಹೊರಡದಿರುವುದು. ಊರಿನಲ್ಲೇ ಪದವಿಪೂರ್ವ ಕಾಲೇಜುಗಳಿವೆ. ಪದವಿಗೂ ಸರಕಾರಿ ಕಾಲೇಜಿದೆ. ಬೆಳಗಿನ ಮುದ್ದೆ ಉಂಡು ಬಸ್ಸು ಹತ್ತಿದರೆ ಸಂಜೆಗೆ ಮನೆ. ಎರಡನೆಯ ದಾರಿ ಹೊಳಲ್ಕೆರೆ ಮೇಲೆ ಹಾದು ಸುಮಾರು 60 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಹೋಗುತ್ತದೆ. ಅಲ್ಲಿ ವೀರವನಿತೆ ಒನಕೆ ಓಬವ್ವ ಕ್ರೀಡಾಂಗಣವಿದೆ. ಇನ್ನೂ ಮುಂದಕ್ಕೆ ಹೋದರೆ ಕುಸ್ತಿಗೆ ಹೆಸರಾದ ದಾವಣಗೆರೆ. ಮೂರನೆಯದು ರೈಲಿನ ದಾರಿ. ಹೊಸದುರ್ಗ ರೋಡ್ ನಿಲ್ದಾಣ ಪಟ್ಟಣಕ್ಕೆ ದೂರವೇ. ಆದರೂ ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿರುವುದರಿಂದ ಒಂದು ದಿಕ್ಕಿಗೆ ರಾಜಧಾನಿ, ಇನ್ನೊಂದು ದಿಕ್ಕಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿರುವ ಧಾರವಾಡ.

ನಾಲ್ಕನೆಯದು ಘಟ್ಟದ ದಾರಿ. ಮಕ್ಕಳಿಗೆ ಬಲು ಆಸೆ ಹುಟ್ಟಿಸುವುದು ಇದೇ. ಕಡೂರು, ಚಿಕ್ಕಮಗಳೂರು ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದರೆ ಉಜಿರೆ. ಅಲ್ಲಿನ ಎಸ್.ಡಿ.ಎಂ. ಕಾಲೇಜು ವಾಲಿಬಾಲಿಗೆ ಹೆಸರಾದದ್ದು. ಬೆಳ್ತಂಗಡಿ ದಾಟಿ ಮುಂದೆ ಹೋದರೆ ಮೂಡುಬಿದಿರೆಯ ಆಳ್ವಾಸ್. ಆಯ್ಕೆಯಾದ ಕ್ರೀಡಾಪಟುಗಳಿಗೆ ಉಚಿತ ಓದು, ಊಟ, ವಸತಿ ಕೊಡುವ ಸಂಸ್ಥೆ. ಕರಾವಳಿಯ ಈ ಸಂಸ್ಥೆಗಳು ಬಯಲುಸೀಮೆಯ ಎಷ್ಟೋ ಮಕ್ಕಳಿಗೆ ಆಸರೆಯಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ಹುಡುಗಿಯ ಮೈಮನಸ್ಸಿಗೆ ಆ ಬದಲಾವಣೆ ಸಣ್ಣದೇನಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಂಡವಳು 3500 ಮಿ.ಮೀ.ಗೂ ಮಿಕ್ಕಿ ಸುರಿಯುವ ಊರಿಗೆ, ಅದೂ ಜೂನ್ ತಿಂಗಳಲ್ಲೇ ಹೋಗಿ ಇಳಿಯುತ್ತಾಳೆ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಮುದ್ದೆಯ ಜಾಗದಲ್ಲಿ ಕುಚ್ಚಲಕ್ಕಿ ಅನ್ನ. ಮೊದಲ ಮೂರು ತಿಂಗಳು ಅತ್ತುಕೊಂಡೇ ಕಳೆಯುವ ಮಕ್ಕಳಿದ್ದಾರೆ. ಆ ಮೂರು ತಿಂಗಳನ್ನು ತಡೆದುಕೊಂಡವರು ಮಾತ್ರ ನಿಲ್ಲುತ್ತಾರೆ. ಹದಿನಾರರ ಮಗಳನ್ನು ಕಳಿಸುವ ಮೊದಲು ಅವಳ ಓಟದ ವೇಗದ ಜೊತೆಗೆ ಇದನ್ನೂ ಅಳೆದು ನೋಡುವುದು ಒಳ್ಳೆಯದು.

ಇನ್ನು ಆ ಪ್ರಮಾಣಪತ್ರದ ಬೆಲೆ. ಶಾಲಾ ಕ್ರೀಡೆಗೆ ಒಂದು ಏಣಿಯಿದೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಅದರ ಮೇಲೆ ರಾಷ್ಟ್ರ. ಚಿತ್ರದುರ್ಗ ಬೆಂಗಳೂರು ವಿಭಾಗಕ್ಕೆ ಸೇರಿದ್ದರಿಂದ ನಮ್ಮ ಹಳ್ಳಿಯ ಹುಡುಗಿ ನಾಲ್ಕನೆಯ ಮೆಟ್ಟಿಲಿನಲ್ಲೇ ಬೆಂಗಳೂರು, ತುಮಕೂರು, ಶಿವಮೊಗ್ಗಗಳ ತಂಡಗಳನ್ನು ಎದುರಿಸಬೇಕು. ಅಲ್ಲಿಯವರೆಗೆ ಹತ್ತಿದ್ದೇ ಒಂದು ಸಾಹಸ. ಆದರೆ ಸಿ.ಇ.ಟಿ.ಯ ಕ್ರೀಡಾ ವಿಭಾಗದಲ್ಲಿ ಸೀಟುಗಳು ಕೆಲವೇ. ಅಲ್ಲಿ ತೂಕ ಬರುವುದು ಮೇಲಿನ ಮೆಟ್ಟಿಲಿನ ಪದಕಗಳಿಗೆ. ಜೊತೆಗೆ ಆಯಾ ಕೋರ್ಸಿಗೆ ನಿಗದಿಯಾದ ಕನಿಷ್ಠ ಅಂಕಗಳೂ ಬೇಕು. ‘ಆಟ ಆಡಿದರೆ ಎಂಜಿನಿಯರಿಂಗ್ ಸೀಟು’ ಎಂದು ನಂಬಿಸುವವರ ಮಾತನ್ನು ಅರ್ಧ ಬಿಟ್ಟು ಕೇಳಬೇಕು.

ಪೇಟೆಯ ಕಟ್ಟೆಯ ಮೇಲೆ ನಡೆಯುವ ಚರ್ಚೆಯಲ್ಲಿ ‘ಆಟಗಾರರಿಗೆ ಕಲಾ ವಿಭಾಗವೇ ಸರಿ’ ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಇದು ಅರ್ಧ ಸತ್ಯ. ವಿಜ್ಞಾನ ಕಷ್ಟವಾಗುವುದು ಪುಸ್ತಕದಿಂದಲ್ಲ, ಪ್ರಯೋಗಶಾಲೆಯಿಂದ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ 70 ಅಂಕ ಲಿಖಿತಕ್ಕೆ, 30 ಅಂಕ ಪ್ರಯೋಗಕ್ಕೆ. ಎರಡು ವಾರ ಪಂದ್ಯಕ್ಕೆ ಹೋದವಳು ಗೆಳತಿಯ ನೋಟ್ಸನ್ನು ಬರೆದುಕೊಳ್ಳಬಹುದು. ಆದರೆ ಲವಣ ವಿಶ್ಲೇಷಣೆಯನ್ನು ಗೆಳತಿಯ ನೋಟ್ಸಿನಿಂದ ಕಲಿಯಲಾಗದು. ಪ್ರನಾಳವನ್ನು ತಾನೇ ಹಿಡಿಯಬೇಕು, ಬಣ್ಣ ಬದಲಾಗುವುದನ್ನು ತಾನೇ ನೋಡಬೇಕು. ಆಟಗಾರ್ತಿಗೆ ವಿಜ್ಞಾನ ಸಾಧ್ಯವೋ ಇಲ್ಲವೋ ಎಂಬುದು, ತಪ್ಪಿದ ಪ್ರಯೋಗವನ್ನು ಶನಿವಾರ ಮಧ್ಯಾಹ್ನ ಮತ್ತೆ ಮಾಡಿಸುವ ಉಪನ್ಯಾಸಕರು ಆ ಕಾಲೇಜಿನಲ್ಲಿದ್ದಾರೆಯೇ ಎಂಬುದನ್ನು ಅವಲಂಬಿಸಿದೆ. ಪ್ರಾಸ್ಪೆಕ್ಟಸ್ಸಿನಲ್ಲಿ ಕಪ್ಪುಗಳ ಚಿತ್ರವಿರುತ್ತದೆ, ಇಂಥವರ ಚಿತ್ರವಿರುವುದಿಲ್ಲ. ಹಾಜರಾತಿಯ ಶೇಕಡಾ 75ರ ಲೆಕ್ಕದಲ್ಲಿ ಪಂದ್ಯದ ದಿನಗಳನ್ನು ಹೇಗೆ ಬರೆದುಕೊಳ್ಳುತ್ತಾರೆ ಎಂಬುದನ್ನೂ ಪ್ರವೇಶದ ದಿನವೇ ಕೇಳಿ ತಿಳಿಯಬೇಕು. ಫೆಬ್ರವರಿಯಲ್ಲಿ ಕೇಳಿದರೆ ಫಲವಿಲ್ಲ.

ಇದು ಹೊಸದುರ್ಗದವರ ಪಾಡು ಮಾತ್ರವಲ್ಲ. ಅಮೆರಿಕದಲ್ಲಿ ಸಾಫ್ಟ್‌ಬಾಲ್ ಆಡುವ ಹುಡುಗಿಯರನ್ನು ಹುಡುಕಿಕೊಂಡು ಕಾಲೇಜುಗಳ ತರಬೇತುದಾರರು ಶಾಲೆಯ ಮೈದಾನಗಳಿಗೇ ಬರುತ್ತಾರೆ. ಬೇಸ್‌ಬಾಲಿನ ತಂಗಿಯಂಥ ಆಟ ಇದು. ಚೆಂಡು ತುಸು ದೊಡ್ಡದು, ಎಸೆಯುವುದು ಕೆಳಗೈಯಲ್ಲಿ. ಹೆಣ್ಣುಮಕ್ಕಳಿಗೆ ಶಿಕ್ಷಣದಲ್ಲಿ ಸಮಾನ ಅವಕಾಶ ಕೊಡಬೇಕೆಂಬ 1972ರ ಕಾನೂನಿನ ನಂತರ ಅಲ್ಲಿ ಇಂಥ ತಂಡಗಳು ಬೆಳೆದವು. ಅಲ್ಲಿಯೂ ಅಪ್ಪ-ಅಮ್ಮಂದಿರಿಗೆ ಇದೇ ತಲೆಬಿಸಿ: ಹಣ ಕೊಡುವ ದೊಡ್ಡ ತಂಡವೋ, ಮೆಚ್ಚಿದ ವಿಷಯ ಕಲಿಸುವ ಸಣ್ಣ ಕಾಲೇಜೋ? ಅಲ್ಲಿನ ಕಾಲೇಜು ಕ್ರೀಡಾ ಸಂಘದ ಮೂರನೆಯ ದರ್ಜೆಯ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಆದರೂ ಸಾವಿರಾರು ಮಕ್ಕಳು ಓದಿಗಾಗಿ ಸೇರಿ ಅಲ್ಲೇ ಆಡುತ್ತಾರೆ. ಮೊದಲ ದರ್ಜೆಯ ಕಾಲೇಜುಗಳಲ್ಲಿ ಪಂದ್ಯದ ಋತುವಿನಲ್ಲಿ ಅಭ್ಯಾಸ ವಾರಕ್ಕೆ 20 ಗಂಟೆ ಮೀರಬಾರದೆಂಬ ನಿಯಮವಿದೆ. ಆ ನಿಯಮ ಅಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂಬುದು ಬೇರೆ ಮಾತು. ನಮ್ಮಲ್ಲಿ ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಅಭ್ಯಾಸ ಮಾಡಿಸಿದರೆ 24 ಗಂಟೆಯಾಯಿತು. ಇದರ ಮೇಲೆ ತರಗತಿ, ನಿದ್ದೆ, ಸಿ.ಇ.ಟಿ. ಕೋಚಿಂಗ್ ಎಲ್ಲವನ್ನೂ ತುರುಕಿದರೆ ಒಂದು ಹೊರಗೆ ಬೀಳಲೇಬೇಕು. ಸಾಮಾನ್ಯವಾಗಿ ಬೀಳುವುದು ನಿದ್ದೆ.

ನಿದ್ದೆ ಕೆಟ್ಟ ದೇಹಕ್ಕೆ ಪೆಟ್ಟು ಬೇಗ. 50 ಕಿ.ಗ್ರಾಂ. ತೂಕದ ಹುಡುಗಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಾ ಅರ್ಧ ಸೆಕೆಂಡಿನಲ್ಲಿ ಅದೇ ವೇಗದಲ್ಲಿ ಹಿಂದಿರುಗಿದಳು ಎನ್ನಿ. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ಅವಳ ಕಾಲು ಸರಾಸರಿ 1000 ನ್ಯೂಟನ್ ಬಲವನ್ನು ನೆಲಕ್ಕೆ ಒತ್ತಬೇಕು. ಅಂದರೆ ಅವಳ ತೂಕದ ಎರಡರಷ್ಟು. ಒಂದೇ ಆಟದಲ್ಲಿ ಇಂಥ ತಿರುವುಗಳು ಎಷ್ಟೋ. ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಇಂಥ ತಿರುವಿನಲ್ಲೇ, ಮತ್ತು ಇಂಥ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಅಂಗಳಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು ಬೇಕು. ಆ ಒಂಬತ್ತು ತಿಂಗಳು ಹಾಸ್ಟೆಲಿನ ಕೋಣೆ ಅವಳದೇ ಆಗಿರುತ್ತದೆಯೇ? ಉಚಿತ ಶಿಕ್ಷಣ ಮುಂದುವರಿಯುತ್ತದೆಯೇ? ಕೇಳಲೇಬೇಕಾದ ಪ್ರಶ್ನೆ ಇದು. ಯಾರೂ ಕೇಳದಿರುವುದೂ ಇದನ್ನೇ. ಅಪಶಕುನ ಎಂಬ ಅಂಜಿಕೆಯೋ, ಕೊಡುವವರ ಮುಂದೆ ಸಂಕೋಚವೋ. ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರೆಹದಲ್ಲಿ ಪಡೆದರೆ ಕ್ಷೇಮ.

ಆಟವನ್ನೇ ಬದುಕಾಗಿಸಿಕೊಳ್ಳುವವರಿಗೂ ಪುಸ್ತಕ ತಪ್ಪಿದ್ದಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಡಿಪ್ಲೊಮಾಕ್ಕೆ ಸೇರಲು ಪದವಿ ಬೇಕು. ಪಿ.ಟಿ. ಮೇಷ್ಟ್ರಾಗಲು ಬಿ.ಪಿ.ಎಡ್. ಮಾಡಬೇಕೆಂದರೂ ಮೊದಲು ಪದವಿ ಬೇಕು. ಫಿಸಿಯೋಥೆರಪಿಗೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿರಬೇಕು. ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಾವಳಿಗಳಿಗೂ ಕಾಲೇಜಿನ ದಾಖಲಾತಿಯೇ ರಹದಾರಿ. ಹೊಸದುರ್ಗದ ಪದವಿ ಕಾಲೇಜು 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ದೊಡ್ಡ ಸಂಸ್ಥೆಯ ತಂಡದಲ್ಲಿ ಮೂರು ವರ್ಷ ಕಾದಿಟ್ಟ ಆಟಗಾರ್ತಿಯಾಗಿ ಬೆಂಚಿನಲ್ಲಿ ಕೂರುವವಳು, ಊರಿನ ಕಾಲೇಜಿನ ತಂಡದಲ್ಲಿದ್ದರೆ ಪ್ರತಿ ಪಂದ್ಯವನ್ನೂ ಆಡಿ ವಿಶ್ವವಿದ್ಯಾಲಯದ ಆಯ್ಕೆಗಾರರ ಕಣ್ಣಿಗೆ ಬೀಳಬಹುದು. ಘಟ್ಟ ಇಳಿಯಲೇಬೇಕಾದವರೂ ಇದ್ದಾರೆ. ರಾಜ್ಯ ತಂಡದ ಹೊಸ್ತಿಲಲ್ಲಿರುವ ಹುಡುಗಿಯನ್ನು ಅಂಗಳವಿಲ್ಲದ ಊರಿನಲ್ಲಿ ಕಟ್ಟಿಹಾಕುವುದು ಅನ್ಯಾಯ. ಅವರ ಸಂಖ್ಯೆ ಅಪ್ಪಂದಿರು ಎಣಿಸಿದ್ದಕ್ಕಿಂತ ಕಡಿಮೆ, ಅಷ್ಟೆ.

ಯಾವ ಕಾಲೇಜೇ ಆಗಲಿ, ಅರ್ಜಿ ತುಂಬುವ ಮುನ್ನ ಅಪ್ಪ-ಮಗಳು ಒಂದು ಸಂಜೆ ಅಲ್ಲಿಗೆ ಹೋಗಿ ಬರಬೇಕು. ಪ್ರಾಂಶುಪಾಲರ ಕೋಣೆಯ ಕಪಾಟಿನಲ್ಲಿ ಕಪ್ಪುಗಳನ್ನು ಎಣಿಸಲು ಅಲ್ಲ. ಐದು ಗಂಟೆಗೆ ಅಂಗಳದ ಅಂಚಿನಲ್ಲಿ ನಿಂತು, ಎರಡನೆಯ ವರ್ಷದ ಹುಡುಗಿಯರನ್ನು ಮಾತನಾಡಿಸಲು. ತರಗತಿ ತಪ್ಪಿದಾಗ ಯಾರು ಹೇಳಿಕೊಡುತ್ತಾರೆ, ಗಾಯವಾದವರು ಈಗ ಎಲ್ಲಿದ್ದಾರೆ, ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾರೆ ಎಂದು ಮಗಳೇ ಕೇಳಲಿ. ಅಪ್ಪ ತುಸು ದೂರ ನಿಂತಿರಲಿ. ಹೊಸದುರ್ಗಕ್ಕೆ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಅಷ್ಟರಲ್ಲಿ ಅವನು ವಿಚಾರಿಸಿಕೊಳ್ಳಬಹುದು.